ಅಕ್ಕನ ಎರಡು ರೊಟ್ಟಿ

ನಮ್ಮ ಮನೆತನದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಎಲ್ಲರೂ ಎರಡೇ ರೊಟ್ಟಿ ಉಂಡಿರುತ್ತಾರೆ. ದಿನವಿಡೀ ಜೋಳದ ರಾಶಿ ಮಾಡಿ ಬಂದವನೂ ಎರಡು, ಜ್ವರ ಬಿಟ್ಟು ಈಗಷ್ಟೇ ಎದ್ದು ಕೂತವಳೂ ಎರಡು. ಐದು ಉಂಡವನು ಐದು ಎಂದು ಬಾಯಿಬಿಟ್ಟರೆ ಕಣ್ಣು ಬೀಳುತ್ತದೆ. ಬಡಿಸುವವರು ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹೀಗಾಗಿ ‘ಎಷ್ಟು ಉಂಡಿ?’ ಎಂದು ಕೇಳಿದರೆ ನಮ್ಮವರು ಹೇಳುವ ‘ಎರಡು’ ಲೆಕ್ಕದ ಎರಡಲ್ಲ. ‘ಆರಾಮ ಇದ್ದೀನಿ’ ಅಂದ ಹಾಗೆ ಅದೊಂದು ಮಾತು, ಅಷ್ಟೇ. ನಾನು ಹುಮನಾಬಾದಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮಾಸ್ತರ. ಎರಡೆಂದರೆ ಎರಡೇ, ಒಂದೂವರೆ ಅಲ್ಲ, ಎರಡೂಕಾಲು ಅಲ್ಲ ಎಂದು ಹಲಗೆಯ ಮೇಲೆ ಬರೆದು ಬರೆದು ಬೆರಳು ಸವೆಸಿದವನು. ಅಂಥ ನನಗೂ ನಮ್ಮ ಮನೆಯ ಎರಡು ಎಷ್ಟು ಎಂದು ತಿಳಿಯಲು ಐವತ್ತೆರಡು ವರ್ಷ ಬೇಕಾಯಿತು. ಅದೂ ಸಕ್ಕರೆ ಕಾಯಿಲೆ ಬಂದ ಮೇಲೆ.

ನಾವು ಕುರಿ ಸಾಕಿದ ಮಂದಿ. ನಾರಾಯಣಪುರದಲ್ಲಿ ಹಳೆಯ ಶಿವನ ಗುಡಿ ದಾಟಿ ಹೋದರೆ ಊರು ಮುಗಿದು ಹೊಲ ಶುರುವಾಗುತ್ತದಲ್ಲ, ಅಲ್ಲಿ ನಮ್ಮ ಮನೆ ಇತ್ತು. ತುಸು ಜೋಳ, ತುಸು ತೊಗರಿ, ಒಂದು ಹಿಂಡು ಕುರಿ. ಅಪ್ಪ ಕುರಿಯನ್ನೂ ಎಣಿಸುತ್ತಿರಲಿಲ್ಲ. ಸಂಜೆ ದೊಡ್ಡಿಯ ಬಾಯಲ್ಲಿ ನಿಂತು ಒಳಗೆ ನುಗ್ಗುವ ಹಿಂಡನ್ನು ಒಂದು ಸಲ ನೋಡುತ್ತಿದ್ದ. ಕಿವಿ ಹರಿದ ಕುರಿಯ ಮರಿ ಬಂದಿಲ್ಲ ಎಂದು ಅಲ್ಲೇ ಹೇಳಿ, ಕೋಲು ತೆಗೆದುಕೊಂಡು ಹುಡುಕಲು ಹೋಗುತ್ತಿದ್ದ. ಅವನ ಆ ಕಣ್ಣಿನ ಬಗ್ಗೆ ಊರವರು ಮಾತಾಡಿಕೊಳ್ಳುತ್ತಿದ್ದರು. ನನಗೋ ಎದೆಯುಬ್ಬಿ ಅಂಗಿಯ ಗುಂಡಿ ಹರಿಯುವಷ್ಟು ಹೆಮ್ಮೆ. ಅಂಥ ಕಣ್ಣಿಗೆ ಒಲೆಯ ಮುಂದಿನದು ಯಾಕೆ ಕಾಣಲಿಲ್ಲ ಎಂದು ಈಗ ಕೇಳಬೇಕೆನಿಸುತ್ತದೆ. ಕೇಳೋಣವೆಂದರೆ ಅಪ್ಪ ಇಲ್ಲ.

ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಕ್ಕನಿಗೆ ಆಗ ಹದಿಮೂರು. ಶಾಲೆ ಬಿಡಿಸಿದರು ಎಂದು ಹೇಳುವುದೂ ಸರಿಯಲ್ಲ, ಯಾರೂ ಬಿಡು ಅನ್ನಲಿಲ್ಲ. ಒಂದು ದಿನ ಅವಳು ಒಲೆಯ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಅವಳ ಕೈ ಇನ್ನೂ ಹುಡುಗಿಯ ಕೈ, ರೊಟ್ಟಿ ಮಾತ್ರ ಅವ್ವ ಬಡಿಯುತ್ತಿದ್ದಷ್ಟೇ ಅಗಲ ಆಗಬೇಕು. ಮೊದಮೊದಲು ಹರಿಯುತ್ತಿತ್ತು, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗಾಗುತ್ತಿತ್ತು. ಆಮೇಲೆ ಕೈ ಕೂತಿತು. ಅಪ್ಪ, ಅಣ್ಣ, ನಾನು ಮೂವರಿಗೂ ಬಿಸಿಬಿಸಿ ರೊಟ್ಟಿ ತಟ್ಟೆಗೆ ಬಂದು ಬೀಳುತ್ತಿತ್ತು. ನಾವು ಉಂಡೇ ಉಣ್ಣುತ್ತಿದ್ದೆವು.

ಎಲ್ಲ ಆದ ಮೇಲೆ ಅಕ್ಕ ಹಿಟ್ಟು ನಾದಿದ ಪರಾತವನ್ನು ತೊಡೆಯ ಮೇಲೆ ಎಳೆದುಕೊಂಡು, ಅಂಚಿಗೆ ಅಂಟಿದ್ದನ್ನೆಲ್ಲ ಬೆರಳಿನಿಂದ ಕೆರೆದು, ಒಂದಿಷ್ಟು ಹಿಟ್ಟು ಸೇರಿಸಿ ಅಂಗೈಯಗಲದ ಒಂದು ಸಣ್ಣ ರೊಟ್ಟಿ ಬಡಿಯುತ್ತಿದ್ದಳು. ಅದಕ್ಕೆ ನಮ್ಮ ಮನೆಯಲ್ಲಿ ಮರಿ ಎಂದು ಹೆಸರು. ದೊಡ್ಡ ರೊಟ್ಟಿಗಳೆಲ್ಲ ಹೋದ ಮೇಲೆ ಹಿಂಡಿನ ಹಿಂದೆ ಕಡೆಗೆ ಬರುವುದು ಮರಿ ತಾನೆ. ಅದು ನನ್ನ ಪಾಲು. ಕೆಂಡದ ಮೇಲೆ ಉಬ್ಬಿದ್ದಕ್ಕೆ ಬೆಣ್ಣೆ ಸವರಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ, ಸುರುಳಿ ಸುತ್ತಿ ಕೈಗೆ ಕೊಡುತ್ತಿದ್ದಳು. ಹೊಟ್ಟೆ ಬಿರಿಯುವಷ್ಟು ಉಂಡಿದ್ದರೂ ಮರಿಗೆ ಜಾಗ ಇರುತ್ತಿತ್ತು. ಆಮೇಲೆ ಅಕ್ಕ ಒಬ್ಬಳೇ ಒಳಗೆ ಕೂತು ಉಣ್ಣುತ್ತಿದ್ದಳು. ಅಪ್ಪ ಅಂಗಳದ ಬೇವಿನ ಮರದ ಕೆಳಗಿನಿಂದ ‘ಉಂಡ್ಯಾ ಅವ್ವ?’ ಎಂದು ಕೂಗುತ್ತಿದ್ದ. ಒಳಗಿನಿಂದ ಅವಳು ‘ಎರಡು ಉಂಡೀನಿ’ ಎನ್ನುತ್ತಿದ್ದಳು. ಅಪ್ಪನ ಮನಸ್ಸು ನಿರಾಳವಾಗುತ್ತಿತ್ತು.

ಅಕ್ಕನನ್ನು ಬಸವಕಲ್ಯಾಣಕ್ಕೆ, ಕೋಟೆಯ ಕಡೆಯ ಒಂದು ಮನೆಗೆ ಕೊಟ್ಟೆವು. ಎಮ್ಮೆ ಕಟ್ಟಿದ, ಊರಾಚೆ ಹೊಲವಿದ್ದ ಮನೆ. ಹೈಸ್ಕೂಲಿಗೆ ನಾನೂ ಅವಳ ಹಿಂದೆಯೇ ಹೋದೆ. ಮದುವೆಯಾದ ಅಕ್ಕನ ಬೆನ್ನಿಗೆ ಬಿದ್ದು ಬಂದ ತಮ್ಮ ಎಂದು ಅಲ್ಲಿಯವರು ನಗುತ್ತಿದ್ದರು, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿಯೂ ಕಡೆಯ ಹಿಟ್ಟಿನಲ್ಲಿ ಮರಿ ಆಗುತ್ತಿತ್ತು. ನನಗೆ ಮೀಸೆ ಬಂತು, ನೌಕರಿ ಬಂತು, ಹುಮನಾಬಾದಿನಲ್ಲಿ ಸಂಸಾರ ಆಯಿತು. ಆಗಾಗ ಭಾನುವಾರ ಬಸ್ಸು ಹತ್ತಿ, ಹೆದ್ದಾರಿಯಲ್ಲಿ ಬಂಗ್ಲಾ ಎನ್ನುವ ಕ್ರಾಸಿನ ಹತ್ತಿರ ತಿರುಗಿ ಕಲ್ಯಾಣಕ್ಕೆ ಹೋಗಿ ಅಕ್ಕನ ಕೈಯೂಟ ಉಂಡು ಬರುವುದು ಮಾತ್ರ ತಪ್ಪಲಿಲ್ಲ. ಉಂಡು ಎದ್ದರೆ ಸಂಜೆಯವರೆಗೆ ಮೈ ಭಾರ. ಆ ಭಾರ ನನಗೆ ಬೇಕಿತ್ತು.

ಕಾಯಿಲೆ ಬಂದ ಕಥೆ ಎಲ್ಲರದೂ ಒಂದೇ, ಅದನ್ನೇನು ಹೇಳಲಿ. ಬಾಯಾರಿಕೆ, ದಣಿವು, ಕಾಲುರಿ. ಹೆಂಡತಿ ಹಟ ಹಿಡಿದು ಹುಮನಾಬಾದಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ನೋಡಿದರು, ಗುಳಿಗೆ ಕೊಟ್ಟರು, ಊಟದ ವಿಚಾರ ಹೇಳುವ ಡಾಕ್ಟರಮ್ಮನ ಕೋಣೆಗೆ ಕಳಿಸಿದರು. ವಯಸ್ಸಿನಲ್ಲಿ ನನ್ನ ಮಗಳಷ್ಟು ಇರಬೇಕು. ಹೊತ್ತಿಗೆ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದರು. ನಾನು ಯೋಚನೆಯನ್ನೂ ಮಾಡದೆ ಎರಡು ಎಂದೆ. ಅನ್ನ? ‘ಜರಾ’, ತುಸುವೇ, ಎಂದೆ. ಪಕ್ಕದಲ್ಲಿದ್ದ ಹೆಂಡತಿ ಗೋಡೆಯ ಮೇಲಿನ ಹಣ್ಣಿನ ಚಿತ್ರ ನೋಡುತ್ತ ಕೂತಳು. ಅವಳೂ ನಮ್ಮ ಕಡೆಯವಳೇ. ಗಂಡ ಉಣ್ಣುವ ರೊಟ್ಟಿಯ ಸಂಖ್ಯೆಯನ್ನು ಪರರ ಮುಂದೆ ಆಡಬಾರದೆಂದು ಅವಳಿಗೂ ಗೊತ್ತು. ಹಾಗಾದರೆ ಇನ್ನು ಮೇಲೆ ಒಂದು ಮಾಡಿ ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ನಾನು ಮಾಸ್ತರ. ಬರೆದುಕೊಟ್ಟದ್ದನ್ನು ಅಕ್ಷರಶಃ ಪಾಲಿಸುವ, ಪಾಲಿಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಚಟ ನನಗಿದೆ. ಮೊದಲ ಎರಡು ದಿನ ಒಂದು ರೊಟ್ಟಿ ಉಂಡೆ. ಒಂದು ಕಮ್ಮಿ ಮಾಡಿದರೆ ಒಳ್ಳೆಯದಾಗುವುದಾದರೆ ಪೂರಾ ಬಿಟ್ಟರೆ ಇನ್ನೂ ಒಳ್ಳೆಯದು ಎಂದು ಮೂರನೆಯ ದಿನ ರೊಟ್ಟಿಯನ್ನೂ ಅನ್ನವನ್ನೂ ಬಿಟ್ಟೇಬಿಟ್ಟೆ. ಗುಳಿಗೆ ಮಾತ್ರ ಬಿಡಲಿಲ್ಲ. ನಾಲ್ಕನೆಯ ದಿನ ಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದಾಗ ಅಂಕಿಗಳು ಒಂದರ ಮೇಲೊಂದು ಹತ್ತತೊಡಗಿದವು. ಮೈಯೆಲ್ಲ ಬೆವರು, ಕೈ ನಡುಕ. ಕುರ್ಚಿ ಹಿಡಿದು ಕೂತುಬಿಟ್ಟೆ. ಸಹೋದ್ಯೋಗಿಯೊಬ್ಬರು ಬಾಯಿಗೆ ಸಕ್ಕರೆ ಹಾಕಿ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಸಕ್ಕರೆ ಕಾಯಿಲೆಯವನ ಬಾಯಿಗೆ ಸಕ್ಕರೆ ಹಾಕಿ ಉಳಿಸಿದರು ಎಂದು ಶಾಲೆಯಲ್ಲಿ ಇವತ್ತಿಗೂ ನಗುತ್ತಾರೆ.

ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ತಲೆ ತಗ್ಗಿಸಿ, ‘ಐದ್ರಿ. ಹಿಂಡಿ ರುಚಿ ಆದ್ರ ಆರು. ಮ್ಯಾಲೆ ಅನ್ನ’ ಅಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ನಗು ನಿಂತ ಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ರೊಟ್ಟಿ ವೈರಿ ಅಲ್ಲ, ಪೂರಾ ಬಿಡಬಾರದು. ಹೊತ್ತು ಹೊತ್ತಿಗೆ ಸ್ವಲ್ಪವೇ ಇರಬೇಕು, ಆದರೆ ಇರಬೇಕು. ತಟ್ಟೆಯ ಅರ್ಧ ಸೊಪ್ಪು, ತರಕಾರಿ, ಪಲ್ಯ, ಕಾಲು ಭಾಗ ಬೇಳೆ, ಕಾಳು, ಉಳಿದ ಕಾಲು ಭಾಗದಲ್ಲಿ ರೊಟ್ಟಿ, ಜೊತೆಗೆ ಮೊಸರು. ರೊಟ್ಟಿ ಎಷ್ಟು ಎಂದು ಕೇಳಿದೆ. ಅವರು ನನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ, ಇಷ್ಟಗಲದ್ದು ಒಂದು ಎಂದರು. ನಾನು ನನ್ನ ಅಂಗೈ ನೋಡುತ್ತ ಕೂತೆ. ಅದು ಮರಿಯ ಅಳತೆ. ಮನೆಗೆ ಬಂದ ಮೇಲೆ ಹೆಂಡತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಐದು ಎಂದು ಹೇಳಿದ್ದಾಳಲ್ಲ, ದೃಷ್ಟಿ ತೆಗೆಯಬೇಕು.

ಅವಳು ಮಾಡಿದ ಸಣ್ಣ ರೊಟ್ಟಿ ದುಂಡಗಿರುತ್ತಿತ್ತು, ಮೆತ್ತಗಿರುತ್ತಿತ್ತು, ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೆ ಅದು ಮರಿ ಆಗಲಿಲ್ಲ. ಮರಿ ದೊಡ್ಡ ರೊಟ್ಟಿಗಳ ಹಿಂದೆ ಬರುವ ಚೈನಿ. ಇದು ಗುಳಿಗೆಯ ಜೊತೆ ಬರುವ ಇನ್ನೊಂದು ಗುಳಿಗೆ. ಪುಂಡಿಪಲ್ಯ, ಹೆಸರುಕಾಳು, ಸೌತೆಕಾಯಿ, ಮೊಸರು ತಟ್ಟೆ ತುಂಬ ಇದ್ದರೂ ನಾನು ಒಂದು ಮೂಲೆಯಲ್ಲಿದ್ದ ಆ ರೊಟ್ಟಿಯನ್ನೇ ನೋಡುತ್ತ, ಸಣ್ಣ ಸಣ್ಣ ತುಣುಕು ಮುರಿದು, ಮುಗಿಯದಂತೆ ಉಣ್ಣುತ್ತಿದ್ದೆ. ಮುಗಿದುಬಿಡುತ್ತಿತ್ತು.

ಅಸಲಿ ಕಷ್ಟ ಶುರುವಾದದ್ದು ಕಲ್ಯಾಣದಲ್ಲಿ. ಅಕ್ಕನಿಗೆ ಎಲ್ಲ ಹೇಳಿದೆ. ಹೂಂ ಹೂಂ ಎಂದು ಕೇಳಿದಳು, ತಟ್ಟೆಗೆ ನಾಲ್ಕು ರೊಟ್ಟಿ ಹಾಕಿದಳು. ತೆಗೆ ಎಂದರೆ ಒಂದು ತೆಗೆದು, ಪಲ್ಯ ಬಡಿಸುವ ನೆಪದಲ್ಲಿ ಅದರ ಕೆಳಗೆ ಇನ್ನೊಂದು ಸರಿಸಿದಳು. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಇಟ್ಟಳು. ಪ್ರತಿ ಸಲವೂ ಇದೇ ಜಗ್ಗಾಟ. ಬಂದು ಉಣ್ಣದೆ ಹೋದರೆ ತನಗೆ ಹ್ಯಾಂಗ ನಿದ್ದಿ ಹತ್ತಬೇಕು ಎನ್ನುತ್ತಿದ್ದಳು. ಉಂಡು ಬಂದ ವಾರವೆಲ್ಲ ಶಾಲೆಯಲ್ಲಿ ನನಗೆ ಕಣ್ಣು ಮಂಜಾಗುತ್ತಿತ್ತು, ರಕ್ತ ನೋಡಿಸಿದರೆ ಡಾಕ್ಟರಮ್ಮನ ಮುಖ ಸಣ್ಣದಾಗುತ್ತಿತ್ತು. ಹೀಗೇ ಆದರೆ ಕಣ್ಣಿಗೆ ಅಪಾಯ ಎಂದು ಅವರು ಖಡಾಖಂಡಿತ ಹೇಳಿದ ಮರುವಾರವೇ ಯುಗಾದಿ. ಹಬ್ಬದೂಟಕ್ಕೆ ಅಕ್ಕನ ಮನೆಗೆ ಹೋದೆ. ಮೂರನೆಯ ರೊಟ್ಟಿ ತಟ್ಟೆಗೆ ಬಿದ್ದಾಗ ನನ್ನ ತಲೆ ಕೆಟ್ಟಿತು. ತಟ್ಟೆಯನ್ನು ಮುಂದಕ್ಕೆ ನೂಕಿದೆ.

‘ನನ್ನ ಕೊಂದ ಮ್ಯಾಲೆ ನಿನಗ ಸಮಾಧಾನ ಆಗತದೇನು?’ ಅಂದೆ.

ಅನ್ನದ ತಟ್ಟೆ ನೂಕುವುದು ನಮ್ಮಲ್ಲಿ ಮುಖದ ಮೇಲೆ ಹೊಡೆದದ್ದಕ್ಕಿಂತ ಕೆಟ್ಟದ್ದು. ಅದೂ ಯುಗಾದಿಯ ದಿನ, ಅವಳ ಮಗ ಸೊಸೆಯ ಮುಂದೆ. ಅಕ್ಕ ತಟ್ಟೆ ಎತ್ತಿಕೊಂಡಳು, ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು, ಚೆಲ್ಲಿದ ಬೇಳೆಯನ್ನು ಸೆರಗಿನಿಂದ ಒರೆಸಿದಳು. ಅರಿವೆ ತರಲೂ ಅವಳು ಏಳಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಬಂಗ್ಲಾ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಾಗ ಕೈಯಲ್ಲಿ ಇನ್ನೂ ಪಲ್ಯದ ವಾಸನೆ ಇತ್ತು. ಕೈ ತೊಳೆದುಕೊಂಡೂ ಬಂದಿರಲಿಲ್ಲ.

ಆಮೇಲೆ ಎಂಟೊಂಬತ್ತು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ನಾಚಿಕೆ ಅರ್ಧ, ಹೆದರಿಕೆ ಅರ್ಧ. ಹೋದರೆ ಉಣ್ಣಬೇಕು, ಉಂಡರೆ ಕಣ್ಣು ಹೋಗುತ್ತದೆ, ಉಣ್ಣದಿದ್ದರೆ ಅಕ್ಕ ಹೋಗುತ್ತಾಳೆ. ಈ ಲೆಕ್ಕಕ್ಕೆ ನನಗೆ ಉತ್ತರ ಸಿಗಲಿಲ್ಲ. ಫೋನಿನಲ್ಲಿ ಮಾತ್ರ ಮಾತು ನಡೆಯುತ್ತಿತ್ತು. ಉಂಡ್ಯಾ ಎಂದು ಅವಳು ಕೇಳುವಳು. ಉಂಡೆ ಎನ್ನುವೆ. ಎಷ್ಟು? ಎರಡು. ನೀನು? ಎರಡು. ಅಷ್ಟಕ್ಕೇ ಫೋನು ಇಟ್ಟುಬಿಡುತ್ತಿದ್ದೆವು. ನನ್ನ ರಕ್ತ ತಹಬಂದಿಗೆ ಬಂತು, ಕಾಲುರಿ ಹೋಯಿತು, ಪ್ಯಾಂಟು ಸಡಿಲವಾಯಿತು. ಎಲ್ಲರೂ ಹುರುಪಾಗಿದ್ದೀರಿ ಎನ್ನುತ್ತಿದ್ದರು. ನಾನು ಹಸಿದಿದ್ದೆ. ಹೊಟ್ಟೆ ತುಂಬಿದ ಮೇಲೂ ಕಲ್ಯಾಣದ ಒಲೆಯ ಮುಂದೆ ಕೂತು ಅವಳ ಕೈ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು ಅನಿಸುತ್ತಿತ್ತು. ಹುಮನಾಬಾದಿನ ರಸ್ತೆಯಲ್ಲಿ ಹಳ್ಳಿಖೇಡದ ಕಡೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಸಾಲು ಶುರುವಾದಾಗ ಚಳಿಗಾಲ ಬಂತೆಂದು ತಿಳಿಯಿತು. ಇನ್ನೇನು ಎಳ್ಳ ಅಮಾವಾಸ್ಯೆ, ಎಲ್ಲರೂ ಹೊಲದಲ್ಲಿ ಕೂತು ಉಣ್ಣುವ ದಿನ. ಆ ವರ್ಷ ನನಗೆ ಕೂಡಲು ಹೊಲವಿಲ್ಲ ಎನಿಸಿ ಕಣ್ಣು ತುಂಬಿತು.

ಹಬ್ಬದ ಹಿಂದಿನ ದಿನ ಅಕ್ಕ ತಾನೇ ಫೋನು ಮಾಡಿದಳು. ‘ನಾಳಿ ಹೊಲಕ್ಕ ಬಾ. ನಿನಗ ನಾ ಒತ್ತಾಯ ಮಾಡಂಗಿಲ್ಲ’ ಅಂದಳು. ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಹೋದೆ. ಜೋಳ ಮೊಣಕಾಲು ದಾಟಿ ನಿಂತಿತ್ತು, ಕಡಲೆ ಕಾಯಿ ಕಟ್ಟಿತ್ತು. ಪೂಜೆ ಮುಗಿಸಿ, ಭೂಮಿತಾಯಿಯ ಪಾಲಿನ ಅಡುಗೆಯನ್ನು ಹೊಲದ ಸುತ್ತ ಚರಗ ಚೆಲ್ಲಿ ಎಲ್ಲರೂ ಗಿಡದ ನೆರಳಿಗೆ ಕೂತರು. ಅಕ್ಕ ಬುಟ್ಟಿಯ ಬಟ್ಟೆ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ದೊಡ್ಡ ಪಾತ್ರೆಯಲ್ಲಿ ಭಜ್ಜಿ. ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಹೊತ್ತಿಗೆ ಹೊಲದಲ್ಲಿ ಸಿಗುವ ಸೊಪ್ಪು, ತರಕಾರಿ, ಹಸಿ ತೊಗರಿ, ಹಸಿ ಕಡಲೆ, ಅವರೆ ಎಲ್ಲ ಕೂಡಿಸಿ ಕುದಿಸಿದ್ದು. ನನ್ನ ತಟ್ಟೆಗೆ ಅವಳು ಮೊದಲು ಭಜ್ಜಿ ಹಾಕಿದಳು, ಅದೇ ತಟ್ಟೆ ತುಂಬಿತು. ಆಮೇಲೆ ಬೇರೆ ಕಟ್ಟಿಟ್ಟಿದ್ದ ಬಿಳಿ ಅರಿವೆ ಬಿಚ್ಚಿ ಒಂದು ರೊಟ್ಟಿ ತೆಗೆದು ಭಜ್ಜಿಯ ಪಕ್ಕಕ್ಕೆ ಇಟ್ಟಳು. ಅಂಗೈಯಗಲದ್ದು. ನನ್ನ ಹೆಂಡತಿಗೆ ಫೋನು ಮಾಡಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದಳಂತೆ. ಅಳತೆ ಹ್ಯಾಂಗ ಗೊತ್ತಾಯಿತು ಎಂದೆ.

‘ನಿನ್ನ ಕೈ ಎಷ್ಟು ಅದ ನನಗ ಗೊತ್ತಿಲ್ಲೇನು? ಮರಿ ಅದು. ಒಂದ ಸಾಕು. ಮತ್ತ ಕೇಳಬ್ಯಾಡ.’

ಸಾಕು ಎಂಬ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮರಿಯನ್ನು ಮುರಿದು ಭಜ್ಜಿಗೆ ಅದ್ದಿ ಬಾಯಿಗಿಟ್ಟೆ. ತಿಂಗಳುಗಟ್ಟಲೆ ಉಂಡಿದ್ದರೂ ಹಸಿದೇ ಇದ್ದವನಿಗೆ ಅಂಗೈಯಗಲದ ಆ ರೊಟ್ಟಿಯಿಂದ ಹೊಟ್ಟೆ ತುಂಬಿತು. ಇದಕ್ಕೆ ಡಾಕ್ಟರಮ್ಮ ಏನೆನ್ನುತ್ತಾರೋ ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಖಿ. ಆದರೆ ಅಷ್ಟು ಹೊತ್ತಿಗೆ ನನಗೆ ಎಣಿಸುವ ಚಟ ಹತ್ತಿತ್ತು. ತಟ್ಟೆ ಕಂಡರೆ ಸಾಕು, ರೊಟ್ಟಿ ಎಷ್ಟು, ಕಾಳು ಎಷ್ಟು ಎಂದು ಕಣ್ಣು ತಾನಾಗಿ ಲೆಕ್ಕ ಹಾಕುತ್ತಿತ್ತು. ಎಲ್ಲರಿಗೂ ಬಡಿಸಿ ಕಡೆಗೆ ಅಕ್ಕ ಕೂತಳು. ಒಂದು ರೊಟ್ಟಿ ತೆಗೆದಳು, ಮುರಿದಳು, ಅರ್ಧವನ್ನು ಬುಟ್ಟಿಗೆ ಹಾಕಿದಳು. ಪಾತ್ರೆಯ ತಳದ ಭಜ್ಜಿಯನ್ನು ಸೌಟಿನಿಂದ ಬಳಿದು ಸೊಸೆಯ ತಟ್ಟೆಗೆ ಹಾಕಿ, ತಾನು ಆ ಅರ್ಧವನ್ನು ಹಿಂಡಿ ಹಚ್ಚಿಕೊಂಡು ಉಂಡಳು. ಕೈ ತೊಳೆದಳು. ಬುಟ್ಟಿಯಲ್ಲಿ ಇನ್ನೂ ಏಳು ರೊಟ್ಟಿ ಇದ್ದವು, ಮೇಲೆ ಒಂದು ಅರ್ಧ. ಎಷ್ಟು ಉಂಡಿ ಎಂದು ಕೇಳಿದೆ. ‘ಎರಡು’ ಎಂದಳು.

‘ಅರ್ಧ ಉಂಡಿ ಅಕ್ಕ. ನಾ ನೋಡೀನಿ.’

ಅವಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಸ್ನಾನದ ಮನೆಯ ಬಾಗಿಲನ್ನು ನಾನು ನೂಕಿಬಿಟ್ಟೆನೇನೋ ಎನಿಸಿತು. ಸೆರಗು ಸರಿ ಮಾಡಿಕೊಂಡಳು. ಉಳಿದವರು ಕಡಲೆ ಕೀಳಲು ಬದುವಿನ ಆಚೆ ಹೋಗಿದ್ದರು. ಬುಟ್ಟಿಯ ಬಟ್ಟೆ ಕಟ್ಟುತ್ತ, ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

‘ಅವ್ವ ಹೋದ ಮ್ಯಾಲೆ ಹಿಟ್ಟು ಬರಾಬರ್ ಇರ್ತಿರ್ಲಿಲ್ಲ ತಮ್ಮಾ. ನಿಮಗೆಲ್ಲ ಹಾಕಿದ ಮ್ಯಾಲೆ ನನಗ ಅರ್ಧ ಉಳೀತಿತ್ತು. ಹೊಟ್ಟಿ ಅಷ್ಟಕ್ಕ ಕಲ್ತು ಬಿಟ್ಟದ. ಈಗ ಬುಟ್ಟಿ ತುಂಬ ಅವ, ಒಳಗ ಹೋಗಂಗಿಲ್ಲ.’

ಅರ್ಧ ಯಾಕೆ ಉಳಿಯುತ್ತಿತ್ತು, ಇನ್ನರ್ಧ ಎಲ್ಲಿ ಹೋಗುತ್ತಿತ್ತು ಎಂದು ನಾನು ಕೇಳಲಿಲ್ಲ. ಮೂರನೆಯ ಇಯತ್ತೆಯ ಮಕ್ಕಳೂ ಮಾಡುವ ಲೆಕ್ಕ ಅದು. ಪರಾತ ಕೆರೆದರೆ ಬರುವ ಹಿಟ್ಟು ಎಷ್ಟು, ಚಮಚದಷ್ಟು. ಅದಕ್ಕೆ ಸೇರಿಸುತ್ತಿದ್ದ ‘ಒಂದಿಷ್ಟು’ ಯಾರ ಪಾಲಿನದು ಎಂದು ಲೆಕ್ಕದ ಮಾಸ್ತರನಿಗೆ ಆವತ್ತು ತಿಳಿಯಿತು. ಬೆಣ್ಣೆ ಸವರಿ, ಸುರುಳಿ ಸುತ್ತಿ ಅವಳು ನನ್ನ ಕೈಗಿಡುತ್ತಿದ್ದದ್ದು ತನ್ನ ಅರ್ಧ ರೊಟ್ಟಿಯನ್ನು. ನಾವು ಎಣಿಸದೆ ಬದುಕಿದೆವು, ಕಣ್ಣು ಬೀಳುತ್ತದೆಂದು. ಎಣಿಸದಿದ್ದುದರಿಂದ ಉಣ್ಣುವ ನಮ್ಮ ಮೇಲೆ ಯಾರ ಕಣ್ಣೂ ಬೀಳಲಿಲ್ಲ, ಉಣ್ಣದ ಅವಳ ಮೇಲೂ ಬೀಳಲಿಲ್ಲ. ನನ್ನ ಬಾಯಲ್ಲಿ ಎರಡು ಅಂದರೆ ಐದು, ಅವಳ ಬಾಯಲ್ಲಿ ಎರಡು ಅಂದರೆ ಅರ್ಧ. ನಾನು ಗಿಡಕ್ಕೆ ಒರಗಿ ಅತ್ತೆ. ಹಬ್ಬದ ದಿನ ಅಳಬಾರದು ಎಂದು ಅವಳು ಗದರಿಸಿದಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. ನಾನೂ ಸ್ವಲ್ಪವೇ ರೊಟ್ಟಿ ಉಣ್ಣುತ್ತೇನೆ, ನಮ್ಮ ಅಕ್ಕನೂ ಸ್ವಲ್ಪವೇ. ನಾನು ಹುರುಪಾದೆ, ಅವಳು ಯಾಕೆ ಒಣಗಿದ್ದಾಳೆ? ಸ್ವಲ್ಪ ಎನ್ನುವುದರಲ್ಲಿ ಏನಿಲ್ಲ, ಪಕ್ಕದಲ್ಲಿ ಏನಿದೆ ನೋಡಿ ಎಂದರು ಅವರು. ನನ್ನ ಸಣ್ಣ ರೊಟ್ಟಿಯ ಸುತ್ತ ಪಲ್ಯ, ಬೇಳೆ, ಕಾಳು, ಮೊಸರು ಇತ್ತು. ಅಕ್ಕನ ಅರ್ಧ ರೊಟ್ಟಿಯ ಸುತ್ತ ಖಾಲಿ ತಟ್ಟೆ ಇತ್ತು, ಒಂದು ಚಿಟಿಕೆ ಹಿಂಡಿ ಇತ್ತು. ಎಮ್ಮೆ ಕಟ್ಟಿದ ಮನೆಯಲ್ಲಿ ಮೊಸರು ತನ್ನ ಪಾಲಿಗೂ ಉಂಟು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅಲ್ಲಿಂದ ಮುಂದಿನ ಒಂದೂವರೆ ವರ್ಷ ನನ್ನ ಜೀವನದ ಅತಿ ರುಚಿಯ ಕಾಲ. ಪ್ರತಿ ಭಾನುವಾರ ಕಲ್ಯಾಣಕ್ಕೆ ಹೋಗುತ್ತಿದ್ದೆ. ಈಗ ಜಗ್ಗಾಟ ತಿರುಗುಮುರುಗಾಯಿತು. ಅಕ್ಕ ಆಚೆ ನೋಡಿದಾಗ ಅವಳ ತಟ್ಟೆಗೆ ನಾನು ಬೇಳೆ ಸುರಿಯುತ್ತಿದ್ದೆ, ಪಲ್ಯದ ಕೆಳಗೆ ರೊಟ್ಟಿ ಬಚ್ಚಿಡುತ್ತಿದ್ದೆ. ಅವಳು ಕಂಡುಹಿಡಿದು ಬುಟ್ಟಿಗೆ ಹಾಕುತ್ತಿದ್ದಳು. ಕಲಿಸಿದ ಗುರುವಿಗೆ ಕೈಚಳಕ ತೋರಿಸಿದ ಹಾಗಾಗುತ್ತಿತ್ತು ನನ್ನ ಪಾಡು. ಉಣ್ಣುವಾಗ ನೋಡಬೇಡ, ನಾಚಿಕೆಯಾಗುತ್ತದೆ ಎನ್ನುತ್ತಿದ್ದಳು. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವಳು ಎರಡು ಮರಿ ಮಾಡುವುದು, ನನಗೊಂದು ಅವಳಿಗೊಂದು. ತಟ್ಟೆ ಎರಡೂ ಒಂದೇ ಥರ: ಇಷ್ಟು ಪಲ್ಯ, ಇಷ್ಟು ಬೇಳೆ, ಮೊಸರು. ಇಬ್ಬರೂ ಒಟ್ಟಿಗೆ ಕೂಡಬೇಕು, ಒಟ್ಟಿಗೆ ಏಳಬೇಕು. ಅಕ್ಕ ನನ್ನ ಎದುರಿಗೆ ಕೂತು ಉಂಡದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಉಣ್ಣುವಾಗ ಅವಳು ತುಸು ಎಡಕ್ಕೆ ವಾಲುತ್ತಾಳೆಂದೂ, ಮೊಸರು ಅವಳಿಗೆ ಬಹಳ ಇಷ್ಟವೆಂದೂ ಅರವತ್ತರ ಅಕ್ಕನ ಬಗ್ಗೆ ನನಗೆ ಗೊತ್ತಾಯಿತು. ಆ ಚಳಿಗಾಲದಲ್ಲಿ ಅವಳ ಬಳೆ ಕೈಗೆ ತುಸು ಬಿಗಿಯಾದವು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಳೆದ ಶ್ರಾವಣದಲ್ಲಿ ಅವಳಿಗೆ ನಾಲ್ಕು ದಿನ ಜ್ವರ ಬಂತು. ಐದನೆಯ ದಿನ ಅಕ್ಕ ಇರಲಿಲ್ಲ.

ತೀರಿಕೊಂಡವರ ದಿನ ಮಾಡುವಾಗ ಅವರಿಗೆ ಪ್ರೀತಿಯಾದದ್ದನ್ನೆಲ್ಲ ಮಾಡಿ ಎಡೆ ಇಡುವುದು ನಮ್ಮಲ್ಲಿ ರೂಢಿ. ಅಕ್ಕನ ದಿನಕ್ಕೆ ನಾನು ಮುಂಜಾನೆಯೇ ಕಲ್ಯಾಣಕ್ಕೆ ಹೋಗಿ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತೆ. ಅಕ್ಕನ ಸೊಸೆ ರೊಟ್ಟಿ ಬಡಿದು ಮುಗಿಸಿದ್ದಳು. ಪರಾತ ಒಲೆಯ ಪಕ್ಕದಲ್ಲಿತ್ತು, ಅಂಚಿಗೆ ಅಂಟಿದ ಹಿಟ್ಟು ಅಲ್ಲೇ ಒಣಗುತ್ತಿತ್ತು. ಆ ಮಗುವಿನದೇನೂ ತಪ್ಪಿಲ್ಲ, ಅದನ್ನು ಕೆರೆಯಬೇಕೆಂದು ಅವಳಿಗೆ ಹೇಳಿದವರಾರು? ನನಗೆ ಮಾತ್ರ ಅದರಿಂದ ಕಣ್ಣು ಕೀಳಲಾಗಲಿಲ್ಲ. ಎದ್ದು ಹೋಗಿ ಬೆರಳಿನಿಂದ ಬಳಿಯಬೇಕು, ಒಂದು ಮರಿ ಮಾಡಬೇಕು ಎನಿಸಿತು. ಐವತ್ತು ದಾಟಿದ ನನಗೆ ಒಂದು ರೊಟ್ಟಿಯನ್ನು ದುಂಡಗೆ ಬಡಿಯಲು ಬರುವುದಿಲ್ಲ.

ಸೊಸೆ ಹೊಸ ತಟ್ಟೆ ತೊಳೆದು ಬಡಿಸತೊಡಗಿದಳು. ಪುಂಡಿಪಲ್ಯ ಹಾಕಿದಳು, ತೊಗರಿ ಬೇಳೆ ಹಾಕಿದಳು, ಹೆಸರುಕಾಳು ಹಾಕಿದಳು, ಒಂದು ಬಟ್ಟಲು ತುಂಬ ಮೊಸರು ಇಟ್ಟಳು. ರೊಟ್ಟಿಯ ಬುಟ್ಟಿಗೆ ಕೈ ಹಾಕಿ ತಡೆದು ನಿಂತಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದರೂ ಅವಳಿಗೆ ಗೊತ್ತಿರಲಿಲ್ಲ.

‘ಮಾಮಾ, ಅತ್ತಿ ಎಷ್ಟು ರೊಟ್ಟಿ ಉಣತಿದ್ರು?’

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ, ಅಕ್ಕನ ಮಗ, ಎರಡು ಎಂದ. ಕೇಳಿದಾಗಲೆಲ್ಲ ಅವ್ವ ಎರಡು ಅಂತಿದ್ದಳಲ್ಲ ಎಂದ. ಹೇಳಿ ನನ್ನ ಮುಖ ನೋಡಿದ. ಸೊಸೆಯೂ ನೋಡಿದಳು.

‘ಹೌದು,’ ಅಂದೆ. ‘ಎರಡು ಇಡವ್ವ. ಪೂರಾ ಎರಡು. ಮುರೀಬ್ಯಾಡ.’

ಅವಳು ಬುಟ್ಟಿಯಿಂದ ಎರಡು ಅಗಲ ರೊಟ್ಟಿ ತೆಗೆದು, ಮುರಿಯದೆ, ಮೊಸರಿನ ಬಟ್ಟಲಿನ ಪಕ್ಕಕ್ಕೆ ಇಟ್ಟಳು.